ಬೆರಳೆಣಿಕೆಯ ಅಯಾನುಗಳಿಗೆ ರೇಡಿಯೋ ತರಂಗದ ಬಿಸಿ

ಹಗುರ ಪರಮಾಣುಗಳ ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಸಮ್ಮಿಲನಕ್ಕೆ ಪ್ಲಾಸ್ಮಾವನ್ನು, ಅಂದರೆ ಅಯಾನು ಮತ್ತು ಎಲೆಕ್ಟ್ರಾನುಗಳಾಗಿ ಒಡೆದ ಅನಿಲವನ್ನು, ವಿಪರೀತ ಕಾಯಿಸಬೇಕು. ಕಾಂತಕ್ಷೇತ್ರದಲ್ಲಿ ಸಿಕ್ಕ ಅಯಾನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು, ಬಲರೇಖೆಯ ಸುತ್ತ ಗಿರಕಿ ಹೊಡೆಯುತ್ತದೆ. ಒಂದು ಟೆಸ್ಲಾ (ಕಾಂತಕ್ಷೇತ್ರದ ಬಲದ ಮಾನ) ಕ್ಷೇತ್ರದಲ್ಲಿ ಪ್ರೋಟಾನ್, ಅಂದರೆ ಹೈಡ್ರೋಜನ್ ಅಯಾನು, ಸೆಕೆಂಡಿಗೆ ಸುಮಾರು 1.52 ಕೋಟಿ ಸುತ್ತು ಹಾಕುತ್ತದೆ, ಅಂದರೆ 15.2 ಮೆಗಾಹರ್ಟ್ಸ್. ಅದೇ ಆವರ್ತಾಂಕದ ರೇಡಿಯೋ ತರಂಗವನ್ನು ಹಾಯಿಸಿದರೆ ಅಯಾನು ಸುತ್ತು ಸುತ್ತಿಗೂ ಶಕ್ತಿ ಹೀರಿಕೊಂಡು ಕಾಯಬೇಕು. 1950ರ ದಶಕದಲ್ಲಿ ಪ್ರಿನ್ಸ್‌ಟನ್‌ನ ಥಾಮಸ್ ಸ್ಟಿಕ್ಸ್ ಬೆನ್ನುಹತ್ತಿದ್ದು ಈ ತತ್ವವನ್ನೇ.

ಆದರೆ ಪ್ಲಾಸ್ಮಾದಲ್ಲಿ ಒಂದೇ ಬಗೆಯ ಅಯಾನು ತುಂಬಿದ್ದರೆ, ಒಳಗಿನವರೆಗೆ ತಲುಪಬಲ್ಲ ತರಂಗ ಕೈಕೊಡುತ್ತದೆ. ಅನುರಣನ (ತರಂಗ ಮತ್ತು ಅಯಾನಿನ ಆವರ್ತಾಂಕಗಳ ಹೊಂದಾಣಿಕೆ) ಆಗಬೇಕಾದ ಜಾಗದಲ್ಲಿಯೇ ಅದರ ವಿದ್ಯುತ್ ಕ್ಷೇತ್ರ ಅಯಾನು ಸುತ್ತುವ ದಿಕ್ಕಿಗೆ ವಿರುದ್ಧವಾಗಿ ತಿರುಗುತ್ತದೆ. ಅಯಾನನ್ನು ನೂಕಬಲ್ಲ ಅಂಶವನ್ನು ಆ ಅಯಾನುಗಳ ಗುಂಪೇ ಅಳಿಸಿಹಾಕುತ್ತದೆ.

ದಾರಿ ತೆರೆದದ್ದು 1970ರ ದಶಕದ ಪ್ರಯೋಗಗಳಲ್ಲಿ. ಭಾರದ ಹೈಡ್ರೋಜನ್ ಆದ ಡ್ಯೂಟೀರಿಯಂನ ಪ್ಲಾಸ್ಮಾಕ್ಕೆ ಅದರ ಅಯಾನು ಸುತ್ತುವ ಆವರ್ತಾಂಕದ ಎರಡರಷ್ಟರಲ್ಲಿ ತರಂಗ ಕೊಟ್ಟಾಗ, ಲೆಕ್ಕಕ್ಕೆ ಮೀರಿದ ಹೀರುವಿಕೆ ಕಂಡಿತು. ಡ್ಯೂಟೀರಿಯಂ ಪ್ರೋಟಾನಿಗಿಂತ ಎರಡು ಪಟ್ಟು ಭಾರ, ಅದರ ಅಯಾನು ಅರ್ಧದಷ್ಟೇ ಆವರ್ತಾಂಕದಲ್ಲಿ ಸುತ್ತುತ್ತದೆ. ಹಾಗಾಗಿ ಅದರ ಇಮ್ಮಡಿ ಆವರ್ತಾಂಕವೇ ಹೈಡ್ರೋಜನ್‌ನ ಮೂಲ ಆವರ್ತಾಂಕ. ಗೋಡೆಗಳಿಂದ ಬಿಡುಗಡೆಯಾದ ಒಂದಿಷ್ಟು ಹೈಡ್ರೋಜನ್ ಶಕ್ತಿಯನ್ನು ಹೀರುತ್ತಿತ್ತು! ಅದು ಅಲ್ಪವಾಗಿದ್ದರಿಂದಲೇ ತರಂಗದ ಸ್ವರೂಪ ಕೆಡಿಸಲಿಲ್ಲ; ಆ ಸ್ವರೂಪವನ್ನು ನಿರ್ಧರಿಸುತ್ತಿದ್ದುದು ಡ್ಯೂಟೀರಿಯಂ. ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಚೆಲುವಾಗಿ ಕಾಣುವ ಘಟ್ಟ ಇದು.

1975ರ ಪ್ರಬಂಧದಲ್ಲಿ ಸ್ಟಿಕ್ಸ್ ಇದರ ಪರಿಣಾಮವನ್ನು ಲೆಕ್ಕ ಹಾಕಿದರು. ಶಕ್ತಿಯೆಲ್ಲ ಕೆಲವೇ ಅಯಾನುಗಳ ಪಾಲಾದರೆ ಅವು ಉಳಿದವನ್ನು ಬಹಳ ಹಿಂದೆ ಬಿಟ್ಟು ಓಡುತ್ತವೆ. ತೀರಾ ವೇಗವಾದವು ಘರ್ಷಣೆಯಲ್ಲಿ ಮುಖ್ಯವಾಗಿ ಎಲೆಕ್ಟ್ರಾನುಗಳನ್ನು ಕಾಯಿಸುತ್ತವೆ. ಅಲ್ಪಸಂಖ್ಯೆಯ ಅಯಾನುಗಳ ಪ್ರಮಾಣ ತುಸು ಹೆಚ್ಚಿಸಿದರೆ ತಲಾ ಶಕ್ತಿ ತಗ್ಗಿ, ಆ ಕಾವು ಇಂಧನವಾದ ಬಹುಸಂಖ್ಯೆಯ ಅಯಾನುಗಳಿಗೆ ಹೋಗುತ್ತದೆ. ಯಾರನ್ನು ಕಾಯಿಸಬೇಕೆಂಬುದು ಮಿಶ್ರಣದ ಹದಕ್ಕೆ ಬಿಟ್ಟದ್ದು.

ಇಂಗ್ಲೆಂಡಿನ ಕಲ್ಹಮ್‌ನ ಜೆಟ್ ಎಂಬ ಟೋಕಮಾಕ್ (ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಉಂಗುರಾಕಾರದ ಯಂತ್ರ) 1997ರಲ್ಲಿ ಇದರ ಬಲ ತೋರಿಸಿತು. ಇನ್ನೂ ಭಾರದ ಹೈಡ್ರೋಜನ್ ಆದ ಟ್ರಿಟಿಯಂ ನಡುವೆ ಅಲ್ಪ ಪ್ರಮಾಣದ ಡ್ಯೂಟೀರಿಯಂ ಬೆರೆಸಿ ಕಾಯಿಸಿದಾಗ, ಸುಮಾರು 6 ಮೆಗಾವಾಟ್ ರೇಡಿಯೋ ಶಕ್ತಿಗೆ 1.66 ಮೆಗಾವಾಟ್ ಸಮ್ಮಿಲನ ಶಕ್ತಿ ಬಂತು. ಬೆಲೆಯೂ ಇತ್ತು: ಅತಿವೇಗದ ಅಯಾನುಗಳ ಪಥ ಹಿಗ್ಗಿ ಕೆಲವು ಗೋಡೆಗೆ ಬಡಿಯುತ್ತವೆ, ಆಂಟೆನಾ ಬಳಿಯಿಂದ ಲೋಹದ ಕಣಗಳು ಎದ್ದು ಪ್ಲಾಸ್ಮಾವನ್ನು ತಣಿಸುತ್ತವೆ.

2017ರಲ್ಲಿ ಪ್ರಕಟವಾದ 'ಮೂರು ಅಯಾನು' ವಿಧಾನ ಮತ್ತೊಂದು ಹೆಜ್ಜೆ. ಹೈಡ್ರೋಜನ್-ಡ್ಯೂಟೀರಿಯಂ ಮಿಶ್ರಣಕ್ಕೆ ಶೇಕಡಾ ಒಂದಕ್ಕೂ ಕಡಿಮೆ ಹೀಲಿಯಂ-3 (ಹೀಲಿಯಂನ ಹಗುರ ರೂಪ) ಸೇರಿಸಿದರು. ಅದರ ವಿದ್ಯುದಂಶ-ದ್ರವ್ಯರಾಶಿ ಅನುಪಾತ ಆ ಎರಡರ ನಡುವೆ ಬರುತ್ತದೆ. ಹೀಗಾಗಿ ಮಿಶ್ರಣದ ಹದ ಸರಿಯಿದ್ದರೆ, ಅನುಕೂಲದ ದಿಕ್ಕಿಗೆ ತಿರುಗುವ ಕ್ಷೇತ್ರ ಬಲವಾಗಿರುವೆಡೆಯಲ್ಲೇ ಹೀಲಿಯಂ-3 ಅನುರಣಿಸುತ್ತದೆ. ಅಮೆರಿಕದ ಅಲ್ಕೇಟರ್ ಸಿ-ಮಾಡ್ ಟೋಕಮಾಕ್ ಮತ್ತು ಜೆಟ್ ಎರಡರಲ್ಲೂ ಅಯಾನುಗಳು ದಶಲಕ್ಷ ಎಲೆಕ್ಟ್ರಾನ್‌ವೋಲ್ಟ್‌ಗಳ ಮಟ್ಟ ಮುಟ್ಟಿದವು. ಸಮ್ಮಿಲನದಲ್ಲಿ ಹುಟ್ಟುವ ಆಲ್ಫಾ ಕಣಕ್ಕೆ (ಹೀಲಿಯಂ ಬೀಜಕ್ಕೆ) 35 ಲಕ್ಷ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಇರುತ್ತದೆ. ಅದರ ನಡವಳಿಕೆಯನ್ನು ಟ್ರಿಟಿಯಂ ಇಲ್ಲದೆಯೇ ಮೊದಲು ಅಭ್ಯಸಿಸಲು ಈ ವೇಗದ ಅಯಾನುಗಳು ಒದಗುತ್ತವೆ.

ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಎಂಬ ಟೋಕಮಾಕಿನ ಕಾಂತಕ್ಷೇತ್ರ 5.3 ಟೆಸ್ಲಾ. ಅಲ್ಲಿ 53 ಮೆಗಾಹರ್ಟ್ಸ್ ಸುಮಾರಿನ ತರಂಗ ಹೀಲಿಯಂ-3ಕ್ಕೂ ಟ್ರಿಟಿಯಂನ ಇಮ್ಮಡಿ ಆವರ್ತಾಂಕಕ್ಕೂ ಹೊಂದುತ್ತದೆ. ಆರಂಭದಲ್ಲಿ ಹೀಲಿಯಂ-3 ಕಾವು ಏರಿಸಬೇಕು. ಪ್ಲಾಸ್ಮಾ ಬಿಸಿಯಾದಂತೆ ಟ್ರಿಟಿಯಂ ತಾನೇ ಹೆಚ್ಚು ಹೆಚ್ಚು ಹೀರತೊಡಗುತ್ತದೆ.