ಮಳೆಯ ಸದ್ದಿಗೆ ಎದೆ ಹಾರುವುದೇಕೆ?

ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆ ಹಂಚಿನ ಮೇಲೆ ಧೋ ಎಂದು ಸುರಿಯುವುದು ಕೊಡಗಿಗೆ ಹೊಸದಲ್ಲ. ಆದರೆ 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬರೆ (ಗುಡ್ಡದ ಕಡಿದಾದ ಬದಿ) ಕುಸಿದದ್ದನ್ನು ಕಂಡವರಿಗೆ ಆ ಸದ್ದೇ ನಿದ್ದೆ ಕೆಡಿಸಬಹುದು. ಇದನ್ನು ಪುಕ್ಕಲುತನ ಎನ್ನುವುದು ತಪ್ಪು.

ಭಯ ಮೊದಲು ಮೈಯಲ್ಲಿ ಏಳುತ್ತದೆ. ಮಿದುಳಿನ ಆಳದಲ್ಲಿ ಬಾದಾಮಿ ಆಕಾರದ ಅಮಿಗ್ಡಲಾ ಇದೆ. ಸದ್ದು ಏನೆಂದು ಪೂರ್ತಿ ತಿಳಿಯುವ ಮುಂಚೆಯೇ ಅದು ಎಚ್ಚರಿಕೆ ಕೊಡಬಲ್ಲದು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಗ್ರಂಥಿ ಅಡ್ರಿನಲಿನ್ ಸುರಿಸುತ್ತದೆ. ಎದೆ ಬಡಿಯುತ್ತದೆ, ಅಂಗೈ ಬೆವರುತ್ತದೆ. ಓಡಿ ಬದುಕಲೆಂದು ಪ್ರಕೃತಿ ಮಾಡಿಟ್ಟ ಏರ್ಪಾಡು. ಭರತನ ನಾಟ್ಯಶಾಸ್ತ್ರವೂ ಬೆವರು, ನಡುಕ, ರೋಮಾಂಚಗಳನ್ನು ಸಾತ್ತ್ವಿಕ ಭಾವಗಳೆಂದು, ಅಂದರೆ ಮನಸ್ಸಿನ ಭಾವಕ್ಕೆ ಮೈ ತಾನಾಗಿ ತೋರುವ ಗುರುತುಗಳೆಂದು, ಬೇರೆಯಾಗಿಯೇ ಎಣಿಸಿದೆ.

ಯಾವುದಕ್ಕೆ, ಎಷ್ಟು ಹೆದರಬೇಕು ಎಂಬುದನ್ನು ಬಹುಪಾಲು ಸುತ್ತಲಿನವರು ಕಲಿಸುತ್ತಾರೆ. 1985ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವರ್ಷದ ಕೂಸುಗಳನ್ನು ಗಾಜಿನ ಮೇಲೆ ಬಿಟ್ಟರು. ಗಾಜಿನ ಕೆಳಗೆ ತಗ್ಗು ಕಾಣುತ್ತಿತ್ತು. ಆಚೆ ಬದಿಯ ತಾಯಿ ನಗುಮುಖ ತೋರಿದಾಗ 19ರಲ್ಲಿ 14 ಕೂಸುಗಳು ದಾಟಿದವು. ಹೆದರಿದ ಮುಖ ತೋರಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಕೊಡವ ಕುಟುಂಬದ ಐನ್‌ಮನೆಯಿರಲಿ, ತೋಟದ ಕಾರ್ಮಿಕರ ಲೈನ್ ಮನೆಯಿರಲಿ, ಮಳೆ ಬಿರುಸಾದಾಗ ಮಕ್ಕಳು ಹೀಗೆಯೇ ದೊಡ್ಡವರ ಮುಖ ನೋಡುತ್ತಾರೆ. "ಏನೂ ಆಗಲ್ಲ, ಸುಮ್ಮನಿರು" ಎಂದು ಗದರಿದರೆ ಭಯ ಹೋಗದು, ಹೇಳಿಕೊಳ್ಳುವುದು ಮಾತ್ರ ನಿಲ್ಲುತ್ತದೆ. "ನನಗೂ ಸ್ವಲ್ಪ ಹೆದರಿಕೆ ಆಯ್ತು ಮಗಾ, ಬಾ, ಇಬ್ಬರೂ ನೋಡೋಣ" ಎನ್ನಿ.

ನೋಡಬೇಕಾದ್ದು ಇಷ್ಟು: ಬರೆಯಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆ ನೀರು. ಇವುಗಳಲ್ಲಿ ಒಂದು ಕಂಡರೂ ಭಯ ಸರಿಯಾಗಿಯೇ ಹೇಳುತ್ತಿದೆ. ತಕ್ಷಣ ಮನೆ ಬಿಡಿ.

ಅಪಾಯವಿಲ್ಲದೆಯೂ ಎದೆ ಹಾರಿದರೆ 4 ಸೆಕೆಂಡು ಉಸಿರೆಳೆದು 6 ಸೆಕೆಂಡು ಬಿಡಿ, 5 ನಿಮಿಷ. ಉಸಿರು ಬಿಡುವಾಗ ವೇಗಸ್ ನರ ಹೃದಯದ ಓಟವನ್ನು ತಗ್ಗಿಸುತ್ತದೆ. ಹಲವರು ಜೋರಾಗಿ ಎಳೆದು ಬೇಗ ಬಿಡುತ್ತಾರೆ. ಅದರಿಂದ ತಲೆ ಸುತ್ತುತ್ತದೆ, ಗಾಬರಿ ಹೆಚ್ಚುತ್ತದೆ.

ಬಿಸಿಲಿನ ದಿನಗಳಲ್ಲಿ ಮಳೆಯ ಸದ್ದನ್ನು ಮೊಬೈಲಿನಲ್ಲಿ ಸಣ್ಣಗೆ ಕೇಳಿ, ದಿನ ಕಳೆದಂತೆ ಸದ್ದು ಏರಿಸಿ. ಭಯ ಏರುತ್ತಿರುವಾಗಲೇ ನಿಲ್ಲಿಸಿದರೆ "ತಪ್ಪಿಸಿಕೊಂಡದ್ದಕ್ಕೇ ಬದುಕಿದೆ" ಎಂದು ಮಿದುಳು ಕಲಿಯುತ್ತದೆ. ಇಳಿಯುವವರೆಗೆ ಕೂತಿರಿ.

ದುಃಸ್ವಪ್ನ, ಬೆಚ್ಚಿಬೀಳುವುದು ತಿಂಗಳು ದಾಟಿದರೆ ಈ ಅಭ್ಯಾಸವನ್ನು ಒಬ್ಬರೇ ಮಾಡಬೇಡಿ. ಮನೋವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.