ಗುಂಪಿನಲ್ಲಿ ಯಾರೋ ಒಬ್ಬ ಕಲ್ಲು ಎಸೆದರೆ ಎಲ್ಲರ ಮೇಲೂ ಕೇಸ್ ಬೀಳುತ್ತದೆಯೇ?

ಪ್ರಶ್ನೆ: ಆನೆ ಹಾವಳಿ ತಡೆಯಿರಿ ಎಂದು ಊರಿನವರೆಲ್ಲ ಸೇರಿ ಪ್ರತಿಭಟನೆ ಮಾಡಬೇಕೆಂದಿದ್ದೇವೆ. ಅದಕ್ಕೆ ಅನುಮತಿ ಬೇಕೇ ಬೇಕಾ? ಯಾರೋ ಒಬ್ಬ ಕಲ್ಲು ಎಸೆದರೆ ಸುಮ್ಮನೆ ಕೂತವರ ಮೇಲೂ ಕೇಸ್ ಆಗುತ್ತದೆಯೇ?

ಉತ್ತರ: ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗದಲ್ಲಿ ಪ್ರತಿ ಸಲ ಆನೆ ದಾಳಿಯಾದಾಗಲೂ ಏಳುವ ಪ್ರಶ್ನೆ ಇದು. ಕಲ್ಲಿನ ವಿಷಯವೇ ಮೊದಲು. ಕೇಸ್ ಎಲ್ಲರ ಮೇಲೂ ಬೀಳಬಹುದು, ಆದರೆ ಶಿಕ್ಷೆ ಎಲ್ಲರಿಗೂ ಆಗಬೇಕೆಂದಿಲ್ಲ. ಮೊದಲ ಕಲ್ಲು ಬಿದ್ದ ಮೇಲೆ ಉಳಿದವರು ಏನು ಮಾಡಿದರು ಎನ್ನುವುದೇ ಅಲ್ಲಿ ಮುಖ್ಯ.

ಶಾಂತಿಯುತವಾಗಿ, ಶಸ್ತ್ರವಿಲ್ಲದೆ ಸೇರುವುದು ಸಂವಿಧಾನದ 19(1)(ಬಿ) ವಿಧಿ ಕೊಟ್ಟ ಹಕ್ಕು. ಐದು ಅಥವಾ ಹೆಚ್ಚು ಜನ ಬಲಪ್ರಯೋಗದಿಂದ ಅಧಿಕಾರಿಗಳನ್ನು ಬೆದರಿಸುವ, ಕಾನೂನು ಜಾರಿಗೆ ಅಡ್ಡಿಪಡಿಸುವ ಅಥವಾ ಆಸ್ತಿ ಹಾಳು ಮಾಡುವ ಉದ್ದೇಶಕ್ಕೆ ನಿಂತರೆ ಅದು ಭಾರತೀಯ ನ್ಯಾಯ ಸಂಹಿತೆಯ (ಹಿಂದಿನ ಐಪಿಸಿ ಬದಲು ಬಂದ ಕಾನೂನು) 189ನೇ ಕಲಂ ಪ್ರಕಾರ ಅಕ್ರಮ ಕೂಟವಾಗುತ್ತದೆ. ಬೆಳಿಗ್ಗೆ ಸಕ್ರಮವಾಗಿ ಸೇರಿದ ಗುಂಪೇ ಮಧ್ಯಾಹ್ನ ಅಕ್ರಮ ಕೂಟವಾಗಬಹುದು ಎಂದು ಆ ಕಲಮಿನಲ್ಲೇ ಬರೆದಿದೆ. ಹಾಗಾಗಿದೆ ಎಂದು ಗೊತ್ತಿದ್ದೂ ಜಾಗ ಬಿಡದೆ ನಿಂತವರು ಅದರ ಸದಸ್ಯರು. ಆಮೇಲೆ 190ನೇ ಕಲಂ ಬರುತ್ತದೆ: ಸಮಾನ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧಕ್ಕೆ ಸದಸ್ಯರೆಲ್ಲರೂ ಹೊಣೆ. ಕುತೂಹಲಕ್ಕೆ ನಿಂತು ನೋಡಿದವನನ್ನು ಇದರಲ್ಲಿ ಸೇರಿಸಬಾರದು. ಸದಸ್ಯನೆಂದು ಸಾಬೀತಾದರೆ ಮಾತ್ರ ತಾನು ಕೈ ಎತ್ತಿಲ್ಲ ಎಂದರೂ ನಡೆಯದು. ಇದು 1964ರ ಮಸಾಲ್ತಿ ಪ್ರಕರಣದಿಂದಲೂ ಸುಪ್ರೀಂ ಕೋರ್ಟ್ ಹಿಡಿದುಕೊಂಡು ಬಂದ ನಿಲುವು.

ಹಾಗಾಗಿ ಕಲ್ಲು ಬಿದ್ದ ತಕ್ಷಣ ಮೈಕ್‌ನಲ್ಲಿ ಒಂದೇ ಮಾತು ಹೇಳಿ: ಎಲ್ಲರೂ ಕೂತುಬಿಡಿ. ಕೂತಲ್ಲಿಂದ ದೂರಕ್ಕೆ ಎಸೆಯುವುದು ಕಷ್ಟ. ನಿಂತೇ ಇರುವವನು ಯಾರೆಂದು ಎಲ್ಲರಿಗೂ, ವಿಡಿಯೋಗೂ ಕಾಣುತ್ತದೆ. ನಂತರ ಪ್ರತಿಭಟನೆ ಮುಗಿಯಿತೆಂದು ಘೋಷಿಸಿ, ಪೊಲೀಸರು ನಿಂತ ದಿಕ್ಕು ಬಿಟ್ಟು ಮೊದಲೇ ಗೊತ್ತುಮಾಡಿದ ಕಡೆಯಿಂದ ಜನರನ್ನು ಹೊರಡಿಸಿ. ಎಸೆದವನನ್ನು ನಡುವೆ ಸೇರಿಸಿಕೊಂಡು ಕಾಪಾಡಲು ಹೋಗಬೇಡಿ, ಹೊಡೆಯಲೂ ಹೋಗಬೇಡಿ. ನಮ್ಮ ಹುಡುಗನಲ್ಲವೇ ಎಂದು ಸುತ್ತ ನಿಂತವರೇ ಆಮೇಲೆ ಆರೋಪಿಗಳ ಪಟ್ಟಿಯಲ್ಲಿ ಸೇರಿರುತ್ತಾರೆ.

ಮಲೆನಾಡಿನಲ್ಲಿ ಇನ್ನೊಂದು ಅಪಾಯವಿದೆ, ಬಯಲುಸೀಮೆಯವರಿಗೆ ಇದು ಬೇಗ ಹೊಳೆಯುವುದಿಲ್ಲ. ಸಾವಿನ ಸುದ್ದಿ ಕೇಳಿ ಜನ ತೋಟದಿಂದಲೇ ಓಡಿಬರುತ್ತಾರೆ, ಸೊಂಟದಲ್ಲಿ ಕತ್ತಿ ಹಾಗೇ ಇರುತ್ತದೆ. ಅದು ಕಾಫಿ ಗಿಡ ಸವರುವ ಕತ್ತಿ ಎಂದು ನಮಗೆ ಗೊತ್ತು. ಆದರೆ ಗಲಭೆಯಾದರೆ ಎಫ್‌ಐಆರ್‌ನಲ್ಲಿ ಅದು ಮಾರಕಾಸ್ತ್ರ. ಬರಿಗೈಯವರಿಗೆ ನ್ಯಾಯ ಸಂಹಿತೆಯ 191(2)ರಲ್ಲಿ ಎರಡು ವರ್ಷದವರೆಗೆ ಶಿಕ್ಷೆ, ಮಾರಕಾಸ್ತ್ರ ಇದ್ದವರಿಗೆ 191(3)ರಲ್ಲಿ ಐದು ವರ್ಷದವರೆಗೆ. ಸೇರುವ ಜಾಗಕ್ಕಿಂತ ಹಿಂದೆಯೇ ಇಬ್ಬರನ್ನು ನಿಲ್ಲಿಸಿ, ಕತ್ತಿಗಳನ್ನು ಪಡೆದು ಒಂದು ಜೀಪಿನಲ್ಲಿಟ್ಟು ವಾಪಸ್ ಕಳಿಸಿ. ದೊಣ್ಣೆಗೂ ಇದೇ ಮಾತು. ಬೆಳೆ ರಕ್ಷಣೆಯ ಕೋವಿ ಮನೆ ಬಿಟ್ಟು ಬರಲೇಬಾರದು, ಲೈಸೆನ್ಸ್ ಇದ್ದರೂ ಸರಿ.

ಅನುಮತಿಯ ವಿಷಯ. ಬೆಂಗಳೂರು ನಗರಕ್ಕೆ 2021ರಲ್ಲಿ ಬಂದ ಪ್ರತಿಭಟನಾ ಪರವಾನಗಿ ಆದೇಶ ಹಾಸನ, ಚಿಕ್ಕಮಗಳೂರಿಗೆ ಅನ್ವಯಿಸುವುದಿಲ್ಲ. ಆದರೆ ಮೆರವಣಿಗೆಯ ದಾರಿ, ಸಮಯ ನಿಯಂತ್ರಿಸುವ ಅಧಿಕಾರ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಇಲ್ಲಿಯೂ ಇದೆ, ಧ್ವನಿವರ್ಧಕಕ್ಕಂತೂ ಲಿಖಿತ ಅನುಮತಿ ಬೇಕೇ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಾಕುವಂತಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯ. ಅರ್ಜಿಯಲ್ಲಿ ದಿನ, ಸೇರುವ ಮತ್ತು ಚದುರುವ ಸಮಯ, ದಾರಿ, ಅಂದಾಜು ಜನ, ವಾಹನಗಳ ಸಂಖ್ಯೆ, ಜವಾಬ್ದಾರಿ ಹೊತ್ತವರ ಹೆಸರು ಮತ್ತು ಮೊಬೈಲ್ ನಂಬರ್, ಮನವಿ ಯಾವ ಅಧಿಕಾರಿಗೆ ಕೊಡುತ್ತೀರಿ ಎಂಬುದು ಇರಲಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಠಾಣೆಯ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅನುಮತಿ ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಚಿಕ್ಕಮಗಳೂರಿನಲ್ಲಿ ದತ್ತ ಜಯಂತಿ ಬಂದೋಬಸ್ತಿನ ದಿನಗಳನ್ನು ಬಿಟ್ಟು ತಾರೀಖು ಇಟ್ಟುಕೊಂಡರೆ ಅರ್ಧ ತಕರಾರು ತಪ್ಪುತ್ತದೆ.

ಹಿಂದೆ 144 ಎನ್ನುತ್ತಿದ್ದ ನಿಷೇಧಾಜ್ಞೆ ಈಗ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಅದು ಲಿಖಿತವಾಗಿರಬೇಕು, ಕಾರಣ ಹೇಳಬೇಕು. ರಾಜ್ಯ ಸರ್ಕಾರ ಮುಂದುವರಿಸದಿದ್ದರೆ ಎರಡು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೊರಡಿಸಿದ ಇಂಥ ಆದೇಶವನ್ನು ನಮ್ಮ ಹೈಕೋರ್ಟೇ 2020ರ ಫೆಬ್ರವರಿಯಲ್ಲಿ ಕಾನೂನುಬಾಹಿರ ಎಂದಿತು. ಹಾಗೆಂದು ಆದೇಶ ಜಾರಿಯಲ್ಲಿರುವಾಗ ಮುರಿಯಬೇಡಿ. ಹೊರಡಿಸಿದ ಮ್ಯಾಜಿಸ್ಟ್ರೇಟರಿಗೇ ರದ್ದು ಮಾಡಿ ಎಂದು ಅರ್ಜಿ ಹಾಕುವ ಅವಕಾಶ ಅದೇ ಕಲಮಿನಲ್ಲಿದೆ.

ರಸ್ತೆ ತಡೆ ಸುಲಭ ಎನಿಸುತ್ತದೆ. ಆದರೆ ಸಕಲೇಶಪುರದ ಬಳಿ 75ನೇ ಹೆದ್ದಾರಿ ನಿಂತರೆ ಶಿರಾಡಿ ಘಾಟಿಯ ಸಾಲು ಪೂರ್ತಿ ನಿಲ್ಲುತ್ತದೆ, ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್ ತಿರುಗಲೂ ಜಾಗವಿರುವುದಿಲ್ಲ. ಕೊಟ್ಟಿಗೆಹಾರದಲ್ಲಿ ತಡೆದರೆ ಚಾರ್ಮಾಡಿಯದೂ ಅದೇ ಗತಿ. ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದಿಡುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಶಾಹೀನ್ ಬಾಗ್ ಪ್ರಕರಣದಲ್ಲಿ ಹೇಳಿದೆ. ಹಾಸನದ ಹೇಮಾವತಿ ಪ್ರತಿಮೆ, ಚಿಕ್ಕಮಗಳೂರಿನ ಆಜಾದ್ ಪಾರ್ಕ್, ಡಿಸಿ ಕಚೇರಿ ಮುಂದೆ ಕೂತರೆ ಉತ್ತರ ಕೊಡಬೇಕಾದವರೇ ಎದುರಿಗೆ ಸಿಗುತ್ತಾರೆ.

ಮಾತಿನಲ್ಲಿ ಎಷ್ಟು ಖಾರ ಇರಬಹುದು? ಬೇಕಾದಷ್ಟು. ಅರಣ್ಯ ಇಲಾಖೆಗೆ ಧಿಕ್ಕಾರ, ಸಚಿವರು ರಾಜೀನಾಮೆ ಕೊಡಲಿ, ಇದೆಂಥ ಸರ್ಕಾರ, ಇವೆಲ್ಲವೂ ಕಾನೂನಿನ ಒಳಗಿನ ಮಾತುಗಳೇ. ಚರ್ಚೆ ಮತ್ತು ಪ್ರತಿಪಾದನೆ ಎಷ್ಟೇ ಅಪ್ರಿಯವಾದರೂ ಹಕ್ಕು, ಪ್ರಚೋದನೆಯಾದಾಗ ಮಾತ್ರ ನಿರ್ಬಂಧ ಎಂದು ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಲ್ ತೀರ್ಪು ಗೆರೆ ಎಳೆದಿದೆ. ‘ನಾಳೆ ಇಲಾಖೆಯ ಜೀಪು ಬಂದರೆ ಬೆಂಕಿ ಇಡಿ’ ಎಂಬ ವಾಟ್ಸಾಪ್ ಆಡಿಯೋ ಆ ಗೆರೆಯಾಚೆಗಿನದು, ಸಿಟ್ಟಿನಲ್ಲಿ ಹೇಳಿದ್ದಾದರೂ ಸರಿ. ಸರ್ಕಾರಿ ಬಸ್ಸಿಗೆ ಹಾನಿ ಮಾಡಿದರೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯಡಿ ಆರು ತಿಂಗಳಿಂದ ಐದು ವರ್ಷ, ಬೆಂಕಿ ಹಚ್ಚಿದರೆ ಒಂದರಿಂದ ಹತ್ತು ವರ್ಷ.

2022ರ ನವೆಂಬರ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಕುಂದೂರಿನಲ್ಲಿ ಆನೆ ದಾಳಿಗೆ ಮಹಿಳೆಯೊಬ್ಬರು ಬಲಿಯಾದರು. ಜನರ ಸಿಟ್ಟಿನಲ್ಲಿ ನ್ಯಾಯವಿತ್ತು. ಆದರೆ ಸ್ಥಳಕ್ಕೆ ಬಂದ ಅಂದಿನ ಶಾಸಕರ ಅಂಗಿ ಹರಿಯಿತು, ಊರೂರಿಗೆ ಹರಡಿದ್ದು ಆ ಹರಿದ ಅಂಗಿಯ ವಿಡಿಯೋ. ಸತ್ತ ಹೆಣ್ಣುಮಗಳ ಮನೆಯ ಪಾಡು, ಆನೆಗಳನ್ನು ಹಿಡಿಯಬೇಕೆಂಬ ಬೇಡಿಕೆ ಎಲ್ಲವೂ ಅದರ ಹಿಂದೆ ಸರಿದವು. ಹಿಂಸೆ ತಪ್ಪು ಎಂಬುದಷ್ಟೇ ಅಲ್ಲ, ಅದು ನೊಂದವರ ದನಿಯನ್ನೇ ಕಿತ್ತುಕೊಳ್ಳುತ್ತದೆ.

ಪೊಲೀಸರಿಗೂ ಕಟ್ಟುಪಾಡಿದೆ. ಮೊದಲು ಚದುರುವಂತೆ ಆದೇಶ, ಕೇಳದಿದ್ದರೆ ಅಥವಾ ಚದುರುವುದಿಲ್ಲ ಎಂಬುದು ಗುಂಪಿನ ನಡತೆಯಲ್ಲೇ ಕಂಡರೆ ಮಾತ್ರ ಬಲ (ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಂ). ವಶಕ್ಕೆ ಪಡೆದವರನ್ನು ಸಾಮಾನ್ಯವಾಗಿ ಸಂಜೆಗೆ ಬಿಡುತ್ತಾರೆ; ಬಂಧನವೇ ಆದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು. ಸೂರ್ಯ ಮುಳುಗಿದ ಮೇಲೆ ಮಹಿಳೆಯರ ಬಂಧನ ಅಸಾಧಾರಣ ಸಂದರ್ಭದಲ್ಲಿ ಮಾತ್ರ, ಅದೂ ಮಹಿಳಾ ಅಧಿಕಾರಿಯಿಂದ, ಮ್ಯಾಜಿಸ್ಟ್ರೇಟರ ಅನುಮತಿ ಪಡೆದು.

ಕೇಸ್ ದಾಖಲಾದರೆ ಎಫ್‌ಐಆರ್‌ನಲ್ಲಿ ನಾಲ್ಕೈದು ಹೆಸರಿನ ಮುಂದೆ ‘ಮತ್ತು ಇತರರು’ ಎಂದಿದೆಯೇ ನೋಡಿ. ಇದ್ದರೆ ವಿಡಿಯೋ ನೋಡುತ್ತ ಹೆಸರು ಸೇರಿಸುವುದು ಮುಂದಿನ ಕೆಲಸ ಎಂದರ್ಥ. ಅದಕ್ಕಾಗಿಯೇ ನಿಮ್ಮ ಕಡೆಯಿಂದಲೂ ಇಬ್ಬರು ಆರಂಭದಿಂದ ಕೊನೆಯವರೆಗೆ ಚಿತ್ರೀಕರಿಸಲಿ, ಕೂರಿ ಎಂದು ಕೂಗಿದ್ದೂ, ಜನ ಕೂತದ್ದೂ ಅದರಲ್ಲಿ ಬರಲಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿಹೋಗಿ, ತೆಗೆದ ಸಮಯದ ವಿವರವೂ ಕಳೆದಿರುತ್ತದೆ. ಮೂಲ ಫೈಲನ್ನು ತೆಗೆದ ಫೋನಿನಲ್ಲೇ ಉಳಿಸಿ. ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು.