ಡ್ರೈಸೂಟ್‌ಗೆ ಗಾಳಿ ನುಗ್ಗುವಾಗ ಬಲಗೈ ಎಲ್ಲಿರಬೇಕು

ಐಸ್‌ಲ್ಯಾಂಡಿನ ಸಿಲ್‌ಫ್ರಾ ಕಂದಕದಲ್ಲಿ ಡೈವಿಂಗ್ ಮಾಡಬೇಕೆಂಬ ಆಸೆಯಿಂದ ಮೈಸೂರಿನ ಅನೇಕರು ಡ್ರೈಸೂಟ್ ಅಭ್ಯಾಸಕ್ಕಾಗಿ ನನ್ನಲ್ಲಿಗೆ ಬರುತ್ತಾರೆ. ಡ್ರೈಸೂಟ್ ಎಂದರೆ ನೀರು ಒಳಬರದಂತೆ ಮುಚ್ಚಿದ, ಒಳಗೆ ಗಾಳಿ ತುಂಬಿಸಿಕೊಳ್ಳುವ ಉಡುಪು. ಬಹುತೇಕರು ನೇತ್ರಾಣಿಯ ಬೆಚ್ಚನೆಯ ಸಮುದ್ರದಲ್ಲಿ ತೆಳುವಾದ ವೆಟ್‌ಸೂಟ್ ತೊಟ್ಟು ಕಲಿತವರು. ಸಿಲ್‌ಫ್ರಾದ ನೀರು ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಡ್ರೈಸೂಟ್ ಇಲ್ಲದೆ ಅಲ್ಲಿ ಇಳಿಯಲು ಬಿಡುವುದಿಲ್ಲ, ಅದನ್ನು ಬಳಸಿದ ಅನುಭವಕ್ಕೆ ದಾಖಲೆಯನ್ನೂ ಕೇಳುತ್ತಾರೆ. ಹೀಗೆ ಬಂದವರಲ್ಲಿ ಒಂದು ತಪ್ಪು ಕಲ್ಪನೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಪ್ರತಿ ತಂಡಕ್ಕೂ ಅದನ್ನೇ ಮೊದಲಿನಿಂದ ಬಿಡಿಸಿ ಹೇಳಬೇಕಾಗುತ್ತದೆ. ಸೂಟ್‌ಗೆ ಗಾಳಿ ತುಂಬುವ, ಎದೆಯ ಮೇಲಿನ ಇನ್‌ಫ್ಲೇಟರ್ ಬಟನ್ ಸಿಕ್ಕಿಕೊಂಡು ಗಾಳಿ ನುಗ್ಗತೊಡಗಿದರೆ, ತೋಳಿನ ವಾಲ್ವ್‌ನಿಂದ ಅದನ್ನು ಹೊರಗೆ ಬಿಡುತ್ತಿದ್ದರೆ ಸಾಕು ಎಂದು ಅವರು ನಂಬಿರುತ್ತಾರೆ.

ಅಷ್ಟು ಸಾಲದು. ಸಿಲಿಂಡರ್‌ನಿಂದ ಬರುವ ಹೋಸ್ ಸೂಟ್‌ಗೆ ಜೋಡಿಸಿಕೊಂಡಿರುವವರೆಗೆ ಗಾಳಿ ಬರುತ್ತಲೇ ಇರುತ್ತದೆ. ವಾಲ್ವ್ ಅದನ್ನು ಅಷ್ಟೇ ವೇಗದಲ್ಲಿ ಹೊರಹಾಕುತ್ತದೆಯೇ ಎಂಬುದು ವಾಲ್ವ್‌ನ ವಿನ್ಯಾಸ, ಒಳಗೆ ತೊಟ್ಟ ಉಣ್ಣೆಯ ಉಡುಪು ಅದಕ್ಕೆ ಅಡ್ಡ ಬಂದಿದೆಯೇ ಎಂಬುದು, ಆ ಕ್ಷಣದಲ್ಲಿ ದೇಹ ಯಾವ ಭಂಗಿಯಲ್ಲಿದೆ ಎಂಬುದು, ಇವೆಲ್ಲವನ್ನೂ ಅವಲಂಬಿಸಿದೆ. ಇಷ್ಟೊಂದು ಅನಿಶ್ಚಿತತೆಗಳ ಮೇಲೆ ಜೀವವನ್ನು ಒತ್ತೆಯಿಡಬೇಕಾಗಿಲ್ಲ. ಹೋಸ್ ಕಳಚಿದರೆ ಗಾಳಿಯ ಮೂಲವೇ ನಿಲ್ಲುತ್ತದೆ. ಮಂಡ್ಯದ ಕಡೆಯ ರೈತ ಕುಟುಂಬದ ಹುಡುಗಿಯೊಬ್ಬಳು ಈ ಪಾಠ ಕೇಳಿದೊಡನೆಯೇ, “ಪಂಪ್‌ಸೆಟ್ ಆಫ್ ಮಾಡದೆ ಗದ್ದೆಯ ಬದು ಒಡೆದು ನೀರು ಬಿಟ್ಟ ಹಾಗಾಯಿತು ಸರ್” ಎಂದಳು. ಅಂದು ಕೊಳದಲ್ಲಿ ಮೊದಲ ಸಲಕ್ಕೇ ಅಭ್ಯಾಸವನ್ನು ಸರಿಯಾಗಿ ಮಾಡಿದವಳೂ ಅವಳೇ.

ಸರಿಯಾದ ಕ್ರಮದಲ್ಲಿ ಎರಡೂ ಕೈಗಳಿಗೆ ಏಕಕಾಲಕ್ಕೆ ಕೆಲಸವಿದೆ. ಸಾಮಾನ್ಯವಾಗಿ ಗಾಳಿ ಬಿಡುವ ವಾಲ್ವ್ ಎಡತೋಳಿನ ಮೇಲ್ಭಾಗದಲ್ಲಿರುತ್ತದೆ. ದೇಹವನ್ನು ನೆಟ್ಟಗೆ ಮಾಡಿ ಎಡಭುಜವನ್ನು ಎತ್ತಿದರೆ ಆ ವಾಲ್ವ್ ಸೂಟ್‌ನ ಅತ್ಯಂತ ಎತ್ತರದ ಬಿಂದುವಾಗುತ್ತದೆ. ಅದನ್ನು ಪೂರ್ತಿ ತೆರೆದಿಟ್ಟಿದ್ದರೆ ಗಾಳಿ ತಾನಾಗಿಯೇ ಹೊರಡುತ್ತದೆ. ಅದೇ ಕ್ಷಣ ಬಲಗೈ ಎದೆಯ ಮೇಲಿನ ಜೋಡಣೆಯನ್ನು ಹಿಡಿದಿರಬೇಕು. ಇಲ್ಲಿ ಎಲ್ಲರೂ ಹೋಸ್ ಅನ್ನು ಬಲವಾಗಿ ಜಗ್ಗುತ್ತಾರೆ. ಜಗ್ಗಿದಷ್ಟೂ ಅದು ಬಿಗಿಯಾಗುತ್ತದೆ. ಮೊದಲು ಹೋಸ್‌ನ ತುದಿಯನ್ನು ವಾಲ್ವ್‌ನ ಕಡೆಗೇ ತುಸು ಒತ್ತಬೇಕು, ಲೋಹದ ಉಂಗುರವನ್ನು ಬೆರಳುಗಳಿಂದ ಹಿಂದಕ್ಕೆ ಸರಿಸಬೇಕು, ಅನಂತರ ಎಳೆಯಬೇಕು. ಬರಿಗೈಯಲ್ಲಿ ಇದು ಒಂದು ಗಳಿಗೆಯ ಕೆಲಸ. ದಪ್ಪ ಕೈಗವಸು ತೊಟ್ಟು, ಬೆರಳು ಮರಗಟ್ಟಿರುವಾಗ ಆ ಉಂಗುರ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಆದ್ದರಿಂದಲೇ, ಮೈಸೂರಿನ ಕೊಳದಲ್ಲಿ ಬೆವರು ಸುರಿಯುತ್ತಿದ್ದರೂ, ಕೈಗವಸು ತೊಟ್ಟೇ ಅಭ್ಯಾಸ ಮಾಡಬೇಕೆಂದು ನಾನು ಹಟ ಹಿಡಿಯುತ್ತೇನೆ. “ವಿಡಿಯೊ ನೋಡಿದ್ದೇನೆ ಸರ್, ಗೊತ್ತಿದೆ” ಎನ್ನುವವರೊಡನೆ ನನ್ನ ತಾಳ್ಮೆ ಬೇಗ ಮುಗಿಯುತ್ತದೆ. ಗೊತ್ತಿರಬೇಕಾದದ್ದು ಕಣ್ಣಿಗಲ್ಲ, ಬೆರಳಿಗೆ.

ಇಷ್ಟು ಅವಸರವೇಕೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 20 ಮೀಟರ್ ಆಳದಲ್ಲಿ ಒತ್ತಡ ಸುಮಾರು 3 ಬಾರ್, 10 ಮೀಟರ್‌ನಲ್ಲಿ 2, ಮೇಲ್ಮೈಯಲ್ಲಿ 1. ಇಪ್ಪತ್ತು ಮೀಟರ್‌ನಲ್ಲಿ ಸೂಟ್‌ನೊಳಗೆ 5 ಲೀಟರ್ ಗಾಳಿಯಿದ್ದು, ಅದನ್ನು ಹೊರಬಿಡದೆ ಮೇಲೇರಿದರೆ 10 ಮೀಟರ್‌ನಲ್ಲಿ ಅದು 7.5 ಲೀಟರ್ ಆಗುತ್ತದೆ, ಮೇಲ್ಮೈಯಲ್ಲಿ 15 ಲೀಟರ್. ಒಂದು ಲೀಟರ್ ಗಾಳಿ ಸುಮಾರು ಒಂದು ಕಿಲೋ ತೂಕವನ್ನು ಎತ್ತುತ್ತದೆ. ಮೊದಲ ಹತ್ತು ಮೀಟರ್‌ನಲ್ಲಿ ಎರಡೂವರೆ ಕಿಲೋ ಹೆಚ್ಚಿದ ತೇಲುಬಲ, ಕೊನೆಯ ಹತ್ತು ಮೀಟರ್‌ನಲ್ಲಿ ಏಳೂವರೆ ಕಿಲೋ ಹೆಚ್ಚುತ್ತದೆ. ಇದು ಹೊಸ ಗಾಳಿ ಒಂದಿಷ್ಟೂ ಸೇರದಿದ್ದಾಗಿನ ಮಾತು. ಆರಂಭದ ಕೆಲವೇ ಸೆಕೆಂಡುಗಳಲ್ಲಿ ತಡೆಯಬಹುದಾಗಿದ್ದ ಏರಿಕೆಯನ್ನು ಆಮೇಲೆ ತಡೆಯುವುದು ಬಹಳ ಕಷ್ಟ.

ಕೆಲವರಿಗೆ ಗಾಬರಿಯಲ್ಲಿ ತೂಕದ ಬೆಲ್ಟ್ ನೆನಪಾಗುತ್ತದೆ. ಉತ್ಸಾಹಿ ತರುಣನೊಬ್ಬ ಅಭ್ಯಾಸದ ವೇಳೆ, ನಾನು ಬಟನ್ ಒತ್ತಿ ಹಿಡಿದೊಡನೆ, ಬೆಲ್ಟ್ ಬಿಚ್ಚಿ ಕೊಳದ ತಳಕ್ಕೆ ಬಿಟ್ಟುಬಿಟ್ಟ. ಮರುಕ್ಷಣವೇ ಅವನ ತಲೆ ನೀರಿನ ಮೇಲಿತ್ತು. ಕೊಳವಾದ್ದರಿಂದ ಏನೂ ಆಗಲಿಲ್ಲ. ಮೇಲೇರದಂತೆ ತಡೆಯಬೇಕಾದ ಹೊತ್ತಿನಲ್ಲಿ ತೂಕ ಬಿಡುವುದು ತೊಂದರೆಯನ್ನು ಹೆಚ್ಚಿಸುವ ಕ್ರಿಯೆಯೆಂದು ಅವನಿಗೆ ಬಹಳ ಹೊತ್ತು ವಿವರಿಸಿದೆ. ಇನ್ನು ಕೆಲವರು ತಲೆ ಕೆಳಗೆ ಮಾಡಿ ಕಾಲು ಬಡಿದು ಆಳಕ್ಕೆ ಈಜಲು ನೋಡುತ್ತಾರೆ. ಆಗ ಗಾಳಿಯೆಲ್ಲ ಪಾದದ ಕಡೆಗೆ ಹೋಗಿ, ತೋಳಿನ ವಾಲ್ವ್ ಕೆಳಗಾಗಿ, ಅದರಿಂದ ಗಾಳಿ ಹೊರಬರುವ ದಾರಿಯೇ ಇಲ್ಲವಾಗುತ್ತದೆ. ಹಾಗೆ ಕಾಲು ಮೇಲಾದವರು ಮೊಣಕಾಲನ್ನು ಎದೆಗೆ ಸೆಳೆದುಕೊಂಡು ಉರುಳಿ ನೆಟ್ಟಗಾಗಬೇಕು.

ಬಿ.ಸಿ.ಡಿ.ಯ, ಅಂದರೆ ತೇಲುವಿಕೆಯನ್ನು ಹೊಂದಿಸಲು ಸೂಟ್‌ನ ಮೇಲೆ ತೊಡುವ ಗಾಳಿಚೀಲದ ಜಾಕೆಟ್‌ನ, ಬಟನ್ ಕೂಡ ಹೀಗೆಯೇ ಸಿಕ್ಕಿಕೊಳ್ಳಬಹುದು, ಅದಕ್ಕೂ ಇದೇ ಕ್ರಮ: ಎಡಗೈ ಅದರ ಸುಕ್ಕು ಹೋಸ್ ಅನ್ನು ಎತ್ತಿ ಹಿಡಿದು ಗಾಳಿ ಬಿಡಲಿ, ಬಲಗೈ ಜೋಡಣೆ ಕಳಚಲಿ. ಯಾವುದಕ್ಕೆ ಗಾಳಿ ನುಗ್ಗುತ್ತಿದೆ ಎಂಬುದು ಮಾತ್ರ ಖಚಿತವಿರಬೇಕು. ಕತ್ತು ಮತ್ತು ತೋಳು ಉಬ್ಬುತ್ತಿದ್ದರೆ ಸೂಟ್. ಪಕ್ಕೆ ಬಿಗಿಯುತ್ತಿದ್ದರೆ ಅಥವಾ ಬೆನ್ನ ಹಿಂದಿನ ಚೀಲ ಉಬ್ಬುತ್ತಿದ್ದರೆ ಬಿ.ಸಿ.ಡಿ.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಜಿಪ್ ಅಥವಾ ಕತ್ತಿನ ಸೀಲ್ ಹರಿದು ಸೂಟ್‌ಗೆ ನೀರು ನುಗ್ಗಿದರೆ ಆ ನೀರಿನ ಭಾರಕ್ಕೇ ಮುಳುಗಿಹೋಗುತ್ತೇವೆಂದು ಜನ ಹೆದರುತ್ತಾರೆ. ನೀರಿನೊಳಗೆ ಆ ನೀರು ನಮ್ಮನ್ನು ಕೆಳಗೆ ಎಳೆಯುವುದಿಲ್ಲ. ಕಳೆದುಕೊಂಡದ್ದು ಸೂಟ್‌ನಲ್ಲಿದ್ದ ಗಾಳಿಯ ತೇಲುಬಲ ಮಾತ್ರ; ಅದನ್ನು ಬಿ.ಸಿ.ಡಿ. ತುಂಬಿಕೊಡಬೇಕು, ಮತ್ತು ಚಳಿ ದೇಹವನ್ನು ಆವರಿಸುವ ಮುನ್ನ ಡೈವ್ ಮುಗಿಸಬೇಕು. ಭಾರ ತಿಳಿಯುವುದು ಏಣಿ ಹತ್ತುವಾಗ. ಬಿ.ಸಿ.ಡಿ.ಯೇ ಹರಿದರೆ ಸೂಟ್‌ನ ಗಾಳಿಯಿಂದ ನಿಧಾನವಾಗಿ ಮೇಲೆ ಬರಬಹುದು. ಆದರೆ ತೂಕ ಸರಿಯಾಗಿದ್ದರೆ ಮಾತ್ರ ಈ ಎರಡೂ ಸಾಧ್ಯ. ಸಮುದ್ರದ ಲೆಕ್ಕದಲ್ಲಿ ತೂಕ ಕಟ್ಟಿಕೊಂಡು ಸಿಲ್‌ಫ್ರಾದ ಸಿಹಿನೀರಿಗೆ ಇಳಿಯುವವರಿಗೆ ಇದನ್ನು ಒತ್ತಿ ಹೇಳುತ್ತೇನೆ: ಸಲಕರಣೆಯೂ ಸೇರಿ ನೂರು ಕಿಲೋ ಇರುವವರಿಗೆ ಅಲ್ಲಿ ಎರಡೂವರೆ ಕಿಲೋದಷ್ಟು ತೂಕ ಕಡಿಮೆ ಸಾಕು. ಅನಗತ್ಯವಾಗಿ ಹೊತ್ತ ಪ್ರತಿ ಕಿಲೋಗೆ ಸರಿದೂಗಿಸಲು ಒಂದು ಲೀಟರ್ ಹೆಚ್ಚು ಗಾಳಿ ತುಂಬಬೇಕಾಗುತ್ತದೆ. ಹಿಗ್ಗುವ ಗಾಳಿಯೂ ಅದೇ.

ಏನು ಮಾಡಿದರೂ ಏರಿಕೆ ನಿಲ್ಲದಿದ್ದರೆ ಕೈಕಾಲುಗಳನ್ನು ಅಗಲಿಸಿ ನೀರಿಗೆ ಅಡ್ಡವಾಗಿ ಮಲಗಿ ವೇಗವನ್ನು ತಗ್ಗಿಸಬೇಕು. ರೆಗ್ಯುಲೇಟರ್ ಬಾಯಲ್ಲೇ ಇರಲಿ, ಉಸಿರು ಬಿಡುತ್ತಲೇ ಇರಿ. ಉಸಿರು ಹಿಡಿದರೆ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ಕತ್ತಿನ ಸೀಲ್ ಅನ್ನು ಬೆರಳಿನಿಂದ ಅಗಲಿಸಿ ಗಾಳಿ ಬಿಡುವ ಉಪಾಯವೂ ಇದೆ, ಆದರೆ ಹಿಮದಂಥ ನೀರು ಎದೆಗೆ ನುಗ್ಗುವುದರಿಂದ ಅದನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ಮೇಲೆ ಬಂದ ಮೇಲೆ, ತಪ್ಪಿಹೋದ ಸುರಕ್ಷತಾ ನಿಲುಗಡೆಯನ್ನು (ಮೇಲ್ಮೈಗೆ ಬರುವ ಮುನ್ನ ಕೆಲವು ನಿಮಿಷ ನಿಲ್ಲುವುದನ್ನು) ಪೂರೈಸಲೆಂದು ಮತ್ತೆ ಇಳಿಯಬಾರದು. ಅಂದಿನ ಡೈವಿಂಗ್ ಅಲ್ಲಿಗೆ ಮುಗಿಯಿತು. ಒತ್ತಡ ಬೇಗ ಇಳಿದಾಗ ದೇಹದಲ್ಲಿ ಗಾಳಿಗುಳ್ಳೆಗಳು ಏಳಬಹುದು; ಅದರ ಲಕ್ಷಣಗಳಾದ ಕೀಲುನೋವು, ಜೋಮು, ಅಕಾರಣ ಆಯಾಸ ಕಂಡರೆ ಶುದ್ಧ ಆಮ್ಲಜನಕ ಕೊಡಿಸಿ, ವೈದ್ಯರಲ್ಲಿಗೆ ಕರೆದೊಯ್ಯಬೇಕು. ನೇತ್ರಾಣಿಯಲ್ಲಿ ಹೀಗಾದವರು ಅದೇ ಸಂಜೆ ಘಟ್ಟ ಹತ್ತಿ ಊರಿಗೆ ಹೊರಡಬಾರದು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಆ ಏರಿಕೆಯೂ ದೇಹಕ್ಕೆ ಲೆಕ್ಕಕ್ಕೆ ಬರುತ್ತದೆ.

ಬಟನ್ ಸಿಕ್ಕಿಕೊಳ್ಳುವುದಕ್ಕೆ ಬಹಳ ಸಲ ಕಾರಣ ಒಣಗಿದ ಉಪ್ಪು, ಮರಳು ಅಥವಾ ಸುಣ್ಣದ ಪದರ. ತಣ್ಣೀರಿನಲ್ಲಿ ಒಂದೇ ಸಮನೆ ದೀರ್ಘವಾಗಿ ಒತ್ತಿದರೆ ಒಳಗೆ ಹಿಮಗಟ್ಟುವುದೂ ಉಂಟು. ಆದ್ದರಿಂದ ಚಿಕ್ಕಚಿಕ್ಕದಾಗಿ ಒತ್ತಬೇಕು. ಮನೆಯಲ್ಲಿ ಸೂಟ್ ತೊಳೆಯುವವರು ಬೋರ್‌ವೆಲ್‌ನ ಗಡಸು ನೀರು ಬಿಟ್ಟು ನಲ್ಲಿಯ ಕಾವೇರಿ ನೀರು ಬಳಸಿ, ತೊಳೆಯುವಾಗ ಬಟನ್ ಅನ್ನು ಹಲವು ಸಲ ಒತ್ತಿ ಬಿಡಿ, ನೆರಳಿನಲ್ಲಿ ಒಣಗಿಸಿ. ಒತ್ತಿದ ಬಟನ್ ಚಟ್ಟನೆ ಮೇಲೆ ಬರದೆ ಒಂದಿಷ್ಟು ತಡವಾದರೂ ಅದನ್ನು ಸರ್ವಿಸ್‌ಗೆ ಕೊಡಿ, ಅದು ವಾಪಸ್ಸು ಬರುವವರೆಗೆ ಆ ಸೂಟ್ ತೊಡಬೇಡಿ.